ಎಲ್ಲವೂ ಸಮುದ್ರದ ಮೀನೇ, ಮತ್ತೆ ಯಾಕೆ ಕಚ್ಚಾಡುತ್ತವೆ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು. ಎಂಟು ವರ್ಷದಿಂದ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಗಪ್ಪಿ, ಮಾಲಿ, ಏಂಜೆಲ್ ಎಲ್ಲವೂ ಚೆನ್ನಾಗಿಯೇ ಬದುಕಿವೆ. ನಾಲ್ಕು ತಿಂಗಳ ಹಿಂದೆ ಆಸೆಪಟ್ಟು ಉಪ್ಪುನೀರಿನ ಅಕ್ವೇರಿಯಂ ಶುರುಮಾಡಿದೆ. ತೊಟ್ಟಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಇದೆ. ನೀರು ಪಳಗಲಿ ಎಂದು ಅಂಗಡಿಯವರು ಮೊದಲು ಮೂರು ನೀಲಿ ಡ್ಯಾಮ್ಸೆಲ್ ಕೊಟ್ಟರು. ಈಗ ಒಂದೇ ಉಳಿದಿದೆ. ಆಮೇಲೆ ತಂದ ಎರಡು ಕ್ಲೌನ್‌ಫಿಶ್‌ಗಳನ್ನು ಅದು ಮೂಲೆಗೆ ಒತ್ತಿ ಇಟ್ಟಿದೆ. ಒಂದರ ಬಾಲ ಹರಿದಿದೆ. ಮಗಳ ಹಟಕ್ಕೆ ಮೂರು ವಾರದ ಹಿಂದೆ ಬ್ಲೂ ಟ್ಯಾಂಗ್ ತಂದೆ. ಅದರ ಮೈಮೇಲೆ ಈಗ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಅಂಗಡಿಯವರು "ಎಲ್ಲಾ ಸಮುದ್ರದ ಮೀನೇ, ಹೊಂದಿಕೊಳ್ಳುತ್ತವೆ ಬಿಡಿ" ಎನ್ನುತ್ತಾರೆ. ನಮ್ಮ ಯಜಮಾನರು "ಹೊಟ್ಟೆ ತುಂಬ ಹಾಕು, ಜಗಳ ನಿಲ್ಲುತ್ತೆ" ಎನ್ನುತ್ತಾರೆ. ಪರಿಚಯದವರೊಬ್ಬರು ಇನ್ನೂ ನಾಲ್ಕು ಮೀನು ಹಾಕಿದರೆ ಜಗಳ ಹಂಚಿಹೋಗುತ್ತದೆ ಎಂದರು. ಮಗಳಿಗೆ ಲಯನ್‌ಫಿಶ್ ಅಥವಾ ಸೀಹಾರ್ಸ್ ಬೇಕಂತೆ. ಯಾವ ಮೀನು ಯಾವುದರ ಜೊತೆ ಇರುತ್ತದೆ ಎಂದು ದಯವಿಟ್ಟು ತಿಳಿಸಿ. ನನ್ನ ಕೈಯಲ್ಲಿ ಇನ್ನೊಂದು ಮೀನು ಸಾಯಬಾರದು.

ಉತ್ತರ: ನಿಮ್ಮ ಕೊನೆಯ ಸಾಲನ್ನು ಎರಡು ಸಲ ಓದಿದೆ. ಹಾಗೆ ಅನ್ನಿಸುವವರ ಕೈಯಲ್ಲಿ ಮೀನು ಬದುಕುತ್ತದೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಅದನ್ನು ಧೈರ್ಯವಾಗಿ ಹೇಳಬಲ್ಲೆ. ಸದ್ಯಕ್ಕೆ ಒಂದು ಮಾತು ನಡೆಸಿಕೊಡಿ. ಈ ಉತ್ತರ ಪೂರ್ತಿ ಓದುವ ತನಕ ಮತ್ತು ಅದರ ಮೇಲೆ ಮೂರು ತಿಂಗಳು ಹೊಸ ಮೀನು ಯಾವುದನ್ನೂ ತರಬೇಡಿ.

ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ. ಒಂದು, ಡ್ಯಾಮ್ಸೆಲ್ ಕೊಡುತ್ತಿರುವ ಕಾಟ. ಇನ್ನೊಂದು, ಟ್ಯಾಂಗ್‌ಗೆ ಬಂದಿರುವ ಕಾಯಿಲೆ. ಎರಡೂ ಬೇರೆ ಬೇರೆ ಎಂದು ಕಾಣುತ್ತವೆ, ಆದರೆ ಬೇರು ಒಂದೇ. ಆ ತೊಟ್ಟಿಗೆ ಹೊಂದದ ಮೀನುಗಳು, ಹೊಂದದ ಕ್ರಮದಲ್ಲಿ ಒಳಗೆ ಬಂದಿವೆ.

ಮೊದಲು ಜಗಳದ ವಿಷಯ. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ ಸಿಗುತ್ತದೆ. ಅಲ್ಲಿ ನೀರಿಗಿಳಿದವರು ಡ್ಯಾಮ್ಸೆಲ್ ಜಾತಿಯ ಮೀನುಗಳನ್ನು ನೋಡಿಯೇ ಇರುತ್ತಾರೆ. ಅಂಗೈಗಿಂತ ಚಿಕ್ಕ ಮೀನು. ಒಂದು ಬಂಡೆಯ ಸಂದು ಅದರ ಮನೆ. ಆ ಮನೆಯ ಹತ್ತಿರ ಯಾರೇ ಬಂದರೂ ಅಟ್ಟಿಸಿಕೊಂಡು ಬರುತ್ತದೆ. ತನಗಿಂತ ಹತ್ತು ಪಟ್ಟು ದೊಡ್ಡ ಮೀನನ್ನೂ ಬಿಡುವುದಿಲ್ಲ. ನನ್ನ ಮುಖದ ಗಾಜಿಗೇ ಒಮ್ಮೆ ಬಂದು ಗುದ್ದಿತ್ತು. ಆದರೆ ಆ ಜಗಳ ಎಷ್ಟು ಹೊತ್ತು? ಎರಡು ಸೆಕೆಂಡು, ಮೂರು ಸೆಕೆಂಡು. ಬಂದ ಮೀನು ಆಚೆ ಹೋಗುತ್ತದೆ, ಇದು ಸಂದಿಗೆ ವಾಪಸಾಗುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಅದೇ ಮೀನನ್ನು 3 ಅಡಿ ಗಾಜಿನೊಳಗೆ ಬಿಟ್ಟಾಗ ಅದರ ಗುಣ ಬದಲಾಗುವುದಿಲ್ಲ. ಬದಲಾಗುವುದು ಸೋತವನ ಸ್ಥಿತಿ. ಅವನಿಗೆ "ಆಚೆ" ಎನ್ನುವುದೇ ಇಲ್ಲ. ಎಷ್ಟು ಓಡಿದರೂ ಗಾಜು ಸಿಗುತ್ತದೆ. ಡ್ಯಾಮ್ಸೆಲ್‌ನ ಕಣ್ಣಿಗೆ ಅವನು ಇನ್ನೂ ತನ್ನ ಅಂಗಳದಲ್ಲೇ ಇದ್ದಾನೆ, ಹಾಗಾಗಿ ಅದು ಮತ್ತೆ ಮತ್ತೆ ಹೊಡೆಯುತ್ತದೆ. ನಿಮ್ಮ ಕ್ಲೌನ್‌ಫಿಶ್‌ಗಳು ಮೂಲೆಯಲ್ಲಿ ನಿಂತಿರುವುದು ಇದಕ್ಕೇ. ಅವುಗಳ ಲೆಕ್ಕದಲ್ಲಿ ಅವು ಓಡಿಹೋಗಿ ಆಗಿದೆ.

ಈ ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದ ಬಹಳಷ್ಟು ತಾನಾಗಿಯೇ ತಿಳಿಯುತ್ತದೆ. ಯಾವ ಮೀನು ಸಾಧು, ಯಾವುದು ಜಗಳಗಂಟಿ ಎಂಬ ಪಟ್ಟಿ ಎಲ್ಲಾ ಅಂಗಡಿಯಲ್ಲೂ ಗೋಡೆಗೆ ನೇತುಹಾಕಿರುತ್ತಾರೆ. ಅದರಿಂದ ಅರ್ಧ ಉಪಯೋಗ ಮಾತ್ರ. ಸೋತ ಮೀನಿಗೆ ಹೋಗಲು ಜಾಗ ಇದೆಯಾ ಎಂಬುದೇ ನಿಜವಾದ ಪ್ರಶ್ನೆ.

ಈಗ ನೀವು ಕೇಳಿಸಿಕೊಂಡ ಮಾತುಗಳಿಗೆ ಬರೋಣ. ಎಲ್ಲಾ ಸಮುದ್ರದ ಮೀನೇ ಎನ್ನುವುದು, ಬಂಡೀಪುರದಲ್ಲಿ ಹುಲಿಯೂ ಇದೆ ಜಿಂಕೆಯೂ ಇದೆ, ಒಂದೇ ಕೊಟ್ಟಿಗೆಯಲ್ಲಿ ಕಟ್ಟೋಣ ಎಂದ ಹಾಗೆ. ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ.

ನಿಮ್ಮ ಯಜಮಾನರ ಮಾತಿನಲ್ಲಿ ಚೂರು ಸತ್ಯ ಇದೆ. ಹಸಿದ ಮೀನು ಜಾಸ್ತಿ ಸಿಡುಕುತ್ತದೆ. ದಿನಕ್ಕೆ ಒಂದು ಸಲ ಜಾಸ್ತಿ ಹಾಕುವ ಬದಲು ಎರಡು ಮೂರು ಸಲ ಚೂರು ಚೂರೇ ಹಾಕಿದರೆ ಅನುಕೂಲ. ಆದರೆ ಡ್ಯಾಮ್ಸೆಲ್ ಕಾದಾಡುತ್ತಿರುವುದು ಊಟಕ್ಕಲ್ಲ, ಜಾಗಕ್ಕೆ. ಹೊಟ್ಟೆ ತುಂಬಿದರೂ ಅದು ನಿಲ್ಲದು. ಹೆಚ್ಚಿಗೆ ಹಾಕಿದ ತಿಂಡಿ ಮಾತ್ರ ಕೊಳೆತು ಅಮೋನಿಯಾ ಆಗುತ್ತದೆ. ಇಲ್ಲಿ ನಿಮ್ಮ ಸಿಹಿನೀರಿನ ಅನುಭವ ಸ್ವಲ್ಪ ದಾರಿ ತಪ್ಪಿಸಬಹುದು. ಗಪ್ಪಿ ತೊಟ್ಟಿಯ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7ರ ಆಸುಪಾಸು ಇರುತ್ತದೆ. ಉಪ್ಪುನೀರಿನದು 8.1ರಿಂದ 8.3. ಪಿಎಚ್ ಏರಿದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಜೊತೆಗೆ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ, ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಮ್ಮಿ. ಗಪ್ಪಿ ತಡೆದುಕೊಂಡ ತಪ್ಪನ್ನು ಟ್ಯಾಂಗ್ ತಡೆಯುವುದಿಲ್ಲ.

ಇನ್ನೂ ನಾಲ್ಕು ಮೀನು ಹಾಕಿ ಎಂದವರು ಬಹುಶಃ ಆಫ್ರಿಕನ್ ಸಿಕ್ಲಿಡ್ ಎಂಬ ಸಿಹಿನೀರಿನ ಮೀನು ಸಾಕಿರಬೇಕು. ಆ ತೊಟ್ಟಿಗಳಲ್ಲಿ ಮೀನು ಹೆಚ್ಚು ತುಂಬಿ, ಒಂದನ್ನೇ ಗುರಿಮಾಡದ ಹಾಗೆ ನೋಡಿಕೊಳ್ಳುವ ಪದ್ಧತಿ ಇದೆ. ದೊಡ್ಡ ಫಿಲ್ಟರ್ ಇಟ್ಟು, ನೀರು ಮೇಲಿಂದ ಮೇಲೆ ಬದಲಿಸುವವರು ಅದನ್ನು ನಿಭಾಯಿಸುತ್ತಾರೆ. ನಿಮ್ಮ ತೊಟ್ಟಿಯ ಲೆಕ್ಕ ಹಾಕಿದೆ. ಪೂರ್ತಿ ತುಂಬಿದರೆ ಸುಮಾರು 190 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾಗಿ ಇರುವ ನೀರು 150ರಿಂದ 160 ಲೀಟರ್. ಇದರಲ್ಲಿ ಐದು ಅಥವಾ ಆರು ಚಿಕ್ಕ ಮೀನು ಆರಾಮವಾಗಿ ಇರುತ್ತವೆ. ಎಂಟು ಹಾಕಿದರೆ ಜಗಳ ಹಂಚಿಹೋಗುವ ಮೊದಲೇ ನೀರು ಕೆಡುತ್ತದೆ.

ಇನ್ನೊಂದು ಮಾತು ನೀವು ಬರೆದಿಲ್ಲ, ಆದರೆ ಟ್ಯಾಂಗ್ ಮಾರುವಾಗ ಹೇಳಿಯೇ ಇರುತ್ತಾರೆ. "ತೊಟ್ಟಿ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ." ಇದು ಸುಳ್ಳು. ಬ್ಲೂ ಟ್ಯಾಂಗ್ ಸಮುದ್ರದಲ್ಲಿ 30 ಸೆಂಟಿಮೀಟರ್ ತನಕ ಬೆಳೆಯುತ್ತದೆ, ಶಾಲೆಯ ಸ್ಕೇಲಿನ ಉದ್ದ. ದಿನವಿಡೀ ಬಂಡೆಗಳ ಮೇಲೆ ಈಜುತ್ತಲೇ ಇರುವ ಮೀನು ಅದು. ಚಿಕ್ಕ ತೊಟ್ಟಿಯಲ್ಲಿ ಬೆಳವಣಿಗೆ ಕುಂಠಿತವಾದರೆ ಅದು ಹೊಂದಿಕೊಂಡ ಲಕ್ಷಣವಲ್ಲ, ಒಳಗೊಳಗೇ ಸೊರಗುತ್ತಿರುವ ಲಕ್ಷಣ. ಅಂಗಡಿಯಲ್ಲಿ ಅದು ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು ಇರುತ್ತದೆ. ಸಿನಿಮಾದಲ್ಲಿ ನೋಡಿದ ಮೀನು ಎಂದು ಮಕ್ಕಳು ಕೇಳುತ್ತಾರೆ. ನಿಮ್ಮ ಮಗಳ ತಪ್ಪು ಇದರಲ್ಲಿ ಏನೂ ಇಲ್ಲ. ಮಾರುವವರು ಹೇಳಬೇಕಿತ್ತು.

ಈಗಿರುವ ಮೀನುಗಳ ಕಡೆ ಬರೋಣ, ಇದು ತುರ್ತು.

ರವೆ ಉದುರಿಸಿದ ಹಾಗೆ ಎಂದು ನೀವು ಬರೆದದ್ದು ಸರಿಯಾದ ವರ್ಣನೆ. ಬಹುತೇಕ ಅದು ಉಪ್ಪುನೀರಿನ ಇಕ್. ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ ಸೂಕ್ಷ್ಮಜೀವಿಯಿಂದ ಬರುತ್ತದೆ. ಟ್ಯಾಂಗ್ ಜಾತಿಗೆ ಇದು ಬೇಗ ಅಂಟುತ್ತದೆ, ಅದರಲ್ಲೂ ಬ್ಲೂ ಟ್ಯಾಂಗ್ ಮತ್ತು ಪೌಡರ್ ಬ್ಲೂ ಟ್ಯಾಂಗ್‌ಗೆ. ಮೂಲೆಯಲ್ಲಿ ಹೆದರಿ ನಿಂತ ಮೀನಿಗೆ ಇನ್ನೂ ಬೇಗ. ಜಗಳಕ್ಕೂ ಕಾಯಿಲೆಗೂ ನಂಟು ಇರುವುದು ಇಲ್ಲಿಯೇ.

ಈ ಕಾಯಿಲೆ ಜನರನ್ನು ಮೋಸಗೊಳಿಸುತ್ತದೆ. ಬಿಳಿ ಚುಕ್ಕೆ ನಾಲ್ಕೈದು ದಿನದಲ್ಲಿ ತಾನಾಗಿ ಮಾಯವಾಗಬಹುದು. ವಾಸಿಯಾಯಿತು ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಆಗಿದ್ದು ಏನೆಂದರೆ, ಮೈಮೇಲೆ ಬಲಿತ ಜೀವಿ ಕಳಚಿ ಕೆಳಗೆ ಬಿದ್ದು, ಮರಳಿನಲ್ಲೋ ಕಲ್ಲಿನ ಮೇಲೋ ಗಟ್ಟಿ ಕವಚ ಕಟ್ಟಿಕೊಂಡು ಕೂತಿರುತ್ತದೆ. ಕೆಲವು ದಿನ ಅಥವಾ ವಾರಗಳ ನಂತರ ಅದೊಂದರಿಂದ ನೂರಾರು ಮರಿಗಳು ಹೊರಬರುತ್ತವೆ. ಅವು ಒಂದೆರಡು ದಿನದಲ್ಲಿ ಮೀನು ಹುಡುಕಿಕೊಳ್ಳಬೇಕು, ಇಲ್ಲದಿದ್ದರೆ ಸಾಯುತ್ತವೆ. ಔಷಧಿ ಕೆಲಸ ಮಾಡುವುದು ಈ ತೇಲಾಡುವ ಮರಿಗಳ ಮೇಲೆ ಮಾತ್ರ. ಮೈಮೇಲಿನ ಚುಕ್ಕೆಗೂ ತಟ್ಟುವುದಿಲ್ಲ, ಕವಚಕ್ಕೂ ತಟ್ಟುವುದಿಲ್ಲ. ಅದಕ್ಕೇ ನಾಲ್ಕು ದಿನದ ಔಷಧಿ ಎಂದು ಮಾರುವುದನ್ನು ನಂಬಬೇಡಿ.

ನಿಮ್ಮ ಮುಂದೆ ಮೂರು ದಾರಿಗಳಿವೆ.

ನಾನು ಮಾಡುವುದಾದರೆ ಹೀಗೆ ಮಾಡುತ್ತೇನೆ. ಇನ್ನೊಂದು ಸಾದಾ ತೊಟ್ಟಿ ತರುತ್ತೇನೆ, 80ರಿಂದ 100 ಲೀಟರಿನದು. ಮರಳು, ಕಲ್ಲು ಬೇಡ. ಅಡಗಲು ಎರಡು ಮೂರು ಪಿವಿಸಿ ಪೈಪಿನ ತುಂಡು, ಒಂದು ಸ್ಪಂಜ್ ಫಿಲ್ಟರ್, ಒಂದು ಹೀಟರ್ ಸಾಕು. ನಾಲ್ಕೂ ಮೀನನ್ನು ಅಲ್ಲಿಗೆ ಸಾಗಿಸುತ್ತೇನೆ. ಡ್ಯಾಮ್ಸೆಲ್‌ಗೆ ನಡುವೆ ತೂತಿರುವ ಅಡ್ಡಗೋಡೆ. ತಾಮ್ರದ ಔಷಧಿ ಹಾಕಿ, ಲೇಬಲ್ಲಿನಲ್ಲಿ ಹೇಳಿದ ಮಟ್ಟವನ್ನು 30 ದಿನ ಕಾಯ್ದುಕೊಳ್ಳುತ್ತೇನೆ. ಆ ಮಟ್ಟಕ್ಕೆ ಒಂದೇ ದಿನ ಏರಿಸಬಾರದು, ಮೂರು ನಾಲ್ಕು ದಿನ ತೆಗೆದುಕೊಳ್ಳಬೇಕು. ಟ್ಯಾಂಗ್‌ಗೆ ತಾಮ್ರ ಸ್ವಲ್ಪ ಕಷ್ಟ. ತಾಮ್ರ ಅಳೆಯುವ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಮಟ್ಟ ಕಡಿಮೆಯಾದರೆ ಕಾಯಿಲೆ ಉಳಿಯುತ್ತದೆ, ಜಾಸ್ತಿಯಾದರೆ ಮೀನೇ ಹೋಗುತ್ತದೆ. ದೊಡ್ಡ ತೊಟ್ಟಿಯಲ್ಲಿ ಒಂದು ಮೀನೂ ಇಲ್ಲದೆ 11 ವಾರ ಖಾಲಿ ಬಿಡಬೇಕು, ಮೋಟರ್ ಓಡುತ್ತಿರಲಿ. ಮೀನು ಸಿಗದೆ ಆ ಜೀವಿ ಸತ್ತು ಮುಗಿಯುತ್ತದೆ. ಮೊದಲೇ ಮೂರು ತಿಂಗಳು ಎಂದದ್ದು ಇದಕ್ಕೆ. ಇದರ ತೊಂದರೆ ಎಂದರೆ ಖರ್ಚು, ಕೆಲಸ, ಮತ್ತು ಹೊಸ ತೊಟ್ಟಿಯಲ್ಲಿ ಅಮೋನಿಯಾ ಏರುವ ಅಪಾಯ. ಮೊದಲ ಎರಡು ವಾರ ದಿನಾ ಪರೀಕ್ಷೆ ಮಾಡಿ, ಅಮೋನಿಯಾ ಕಂಡರೆ ಕಾಲುಭಾಗ ನೀರು ಬದಲಿಸಿ. ಬದಲಿಸುವ ನೀರಿಗೂ ಅಷ್ಟೇ ತಾಮ್ರ ಸೇರಿಸಬೇಕು, ಮರೆಯಬೇಡಿ.

ಎರಡನೇ ದಾರಿ, ಏನೂ ಔಷಧಿ ಇಲ್ಲದೆ ಒಳ್ಳೆಯ ಆಹಾರ, ಶುದ್ಧ ನೀರು ಕೊಟ್ಟು ಮೀನಿನ ಶಕ್ತಿಗೆ ಬಿಡುವುದು. ಗಟ್ಟಿಮುಟ್ಟಾದ ಮೀನು ಕೆಲವು ಸಲ ಗೆಲ್ಲುತ್ತದೆ. ಗೆದ್ದರೂ ಪರಾವಲಂಬಿ ತೊಟ್ಟಿಯಲ್ಲೇ ಇರುತ್ತದೆ. ಮುಂದೆ ತರುವ ಪ್ರತಿ ಹೊಸ ಮೀನಿಗೂ ಅದು ಕಾದಿರುತ್ತದೆ. ಬಾಲ ಹರಿದ ಕ್ಲೌನ್ ಇರುವ, ಬಡಿದಾಟ ನಡೆಯುವ ನಿಮ್ಮ ತೊಟ್ಟಿಗೆ ಇದನ್ನು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಮೂರನೆಯದು ಬಹಳ ಜನ ಮಾಡುವುದು. ಔಷಧಿಯನ್ನು ದೊಡ್ಡ ತೊಟ್ಟಿಗೇ ಸುರಿಯುವುದು. ಬೇಡ. ತಾಮ್ರ ಕಲ್ಲು ಮರಳಿಗೆ ಅಂಟಿಕೊಳ್ಳುತ್ತದೆ, ಮಟ್ಟ ನಿಲ್ಲುವುದಿಲ್ಲ. ಸಿಗಡಿ, ಬಸವನಹುಳು, ಸನ್ಯಾಸಿ ಏಡಿ ಇದ್ದರೆ ಎಲ್ಲವೂ ಸಾಯುತ್ತವೆ. ಮುಂದೆಯೂ ಆ ತೊಟ್ಟಿಯಲ್ಲಿ ಅವನ್ನು ಇಡುವುದು ಕಷ್ಟವಾಗುತ್ತದೆ.

ಟ್ಯಾಂಗ್ ಉಸಿರಾಟ ಜೋರಾಗಿದ್ದರೆ, ತಿನ್ನುವುದು ಬಿಟ್ಟಿದ್ದರೆ, ಅಥವಾ ರವೆಯ ಬದಲು ನುಣ್ಣನೆ ಹಿಟ್ಟು ಎರಚಿದ ಹಾಗೆ ಕಂಡರೆ ನಾಳೆಗೆ ಮುಂದೂಡಬೇಡಿ. ಅದು ವೆಲ್ವೆಟ್ ಎಂಬ ಇನ್ನೊಂದು ಕಾಯಿಲೆ ಇರಬಹುದು. ಅದು ಎರಡು ಮೂರು ದಿನದಲ್ಲಿ ತೊಟ್ಟಿ ಪೂರ್ತಿ ಖಾಲಿ ಮಾಡಬಲ್ಲದು. ಅದಕ್ಕೂ ತಾಮ್ರವೇ ಔಷಧಿ.

ಡ್ಯಾಮ್ಸೆಲ್ ಹಿಡಿಯುವುದು ಹೇಗೆ ಎಂದು ಯೋಚಿಸುತ್ತಿರಬಹುದು. ಬಲೆ ಹಿಡಿದು ಓಡಿಸಿದರೆ ಬೇರೆ ಮೀನುಗಳು ಗಾಬರಿಯಾಗುತ್ತವೆ, ಅದು ಮಾತ್ರ ಸಿಗುವುದಿಲ್ಲ. ಮಲೆನಾಡಿನಲ್ಲಿ ಗದ್ದೆಯ ಹರಿವಿಗೆ ಕೂಳಿ ಇಡುತ್ತಾರಲ್ಲ, ಹಾಗೆ ಮಾಡಿ. ಒಂದು ಲೀಟರಿನ ನೀರಿನ ಬಾಟಲಿಯ ಕತ್ತು ಕತ್ತರಿಸಿ, ತಿರುಗಿಸಿ ಒಳಗೆ ತೂರಿಸಿ. ಒಳಗೆ ಸ್ವಲ್ಪ ಸಿಗಡಿ ಚೂರು ಹಾಕಿ ತಳದಲ್ಲಿ ಮಲಗಿಸಿ. ಡ್ಯಾಮ್ಸೆಲ್ ಧೈರ್ಯದ ಮೀನು, ಮೊದಲು ಅದೇ ಒಳಗೆ ಬರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಅದನ್ನು ಅಂಗಡಿಗೆ ವಾಪಸ್ ಕೊಡಿ. ಟ್ಯಾಂಗ್ ಕೂಡ ವಾಸಿಯಾದ ಮೇಲೆ 6 ಅಡಿ ತೊಟ್ಟಿ ಇರುವವರ ಮನೆಗೆ ಹೋಗಲಿ. ಮಗಳಿಗೆ ಬೇಜಾರಾಗುತ್ತದೆ. ಆ ಮೀನಿಗೆ ಈಜಲು ಜಾಗ ಸಿಕ್ಕಿತು ಎಂದು ಹೇಳಿ, ಸಾಧ್ಯವಾದರೆ ಆ ಮನೆಗೆ ಕರೆದುಕೊಂಡು ಹೋಗಿ ತೋರಿಸಿ.

ಡ್ಯಾಮ್ಸೆಲ್ ಬಗ್ಗೆ ಇನ್ನೊಂದು ಮಾತು. ನೀರು ಪಳಗಿಸಲು ಜೀವಂತ ಮೀನು ಹಾಕುವ ಪದ್ಧತಿಯೇ ತಪ್ಪು. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಆ ವಾರಗಳಲ್ಲಿ ಒಳಗಿರುವ ಮೀನು ತನ್ನದೇ ವಿಷದಲ್ಲಿ ಈಜುತ್ತಿರುತ್ತದೆ. ಬಾಟಲಿಯಲ್ಲಿ ಸಿಗುವ ಅಮೋನಿಯಾ ಹನಿ ಅಥವಾ ಒಂದು ತುಂಡು ಸಿಗಡಿ ಹಾಕಿದರೂ ಅದೇ ಕೆಲಸ ಆಗುತ್ತದೆ. ಡ್ಯಾಮ್ಸೆಲ್ ಅಗ್ಗ, ಗಟ್ಟಿ ಜೀವ ಎಂದು ಕೊಡುತ್ತಾರೆ. ಬದುಕಿ ಉಳಿದದ್ದು ಅಷ್ಟು ಹೊತ್ತಿಗೆ ತೊಟ್ಟಿ ಪೂರ್ತಿ ತನ್ನದು ಎಂದುಕೊಂಡಿರುತ್ತದೆ. ಕ್ಲೌನ್‌ಫಿಶ್ ಕೂಡ ಅದೇ ಡ್ಯಾಮ್ಸೆಲ್ ಕುಟುಂಬದ್ದು. ತನ್ನಂಥವನನ್ನೇ ಕಂಡರೆ ಅದಕ್ಕೆ ಇನ್ನೂ ಕೋಪ.

ಇನ್ನು ಆಯ್ಕೆ. ಮೀನು ನೋಡುವಾಗ ನಾನು ಬಣ್ಣದ ಕಡೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಬಾಯಿ ನೋಡುತ್ತೇನೆ. ಬಾಯಿಗೆ ಹಿಡಿಸುವ ಮೀನನ್ನು ಅದು ಇವತ್ತಲ್ಲ ನಾಳೆ ತಿನ್ನುತ್ತದೆ. ಲಯನ್‌ಫಿಶ್ ಇದಕ್ಕೆ ಸರಿಯಾದ ಉದಾಹರಣೆ. ಅದು ಜಗಳಗಂಟಿಯಲ್ಲ, ತುಂಬಾ ಶಾಂತ. ಸುಮ್ನೆ ತೇಲುತ್ತಾ ಹತ್ತಿರ ಬಂದು ಕ್ಲೌನ್‌ಫಿಶ್‌ನ್ನು ನುಂಗಿಬಿಡುತ್ತದೆ. ಬೆನ್ನಿನ ಮುಳ್ಳುಗಳಲ್ಲಿ ವಿಷ ಇದೆ, ಚುಚ್ಚಿದರೆ ಸಹಿಸಲಾಗದ ನೋವು. ಮಗು ಕೈಹಾಕುವ ಮನೆಯಲ್ಲಿ ಬೇಡವೇ ಬೇಡ. ಸಾಕಲಾಗದ ಮೀನನ್ನು ನೀರಿಗೆ ಬಿಡುವುದು ಎಷ್ಟು ಕೆಟ್ಟದ್ದು ಎಂಬುದಕ್ಕೂ ಇದೇ ಮೀನು ಪಾಠ. ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ 1985ರಲ್ಲಿ ಮೊದಲು ಕಂಡ ಲಯನ್‌ಫಿಶ್ ಈಗ ಕೆರಿಬಿಯನ್ ಸಮುದ್ರದ ಉದ್ದಗಲಕ್ಕೂ ಹರಡಿ, ಅಲ್ಲಿನ ಚಿಕ್ಕ ಮೀನುಗಳನ್ನು ಮುಗಿಸುತ್ತಿದೆ. ಅದರ ಮೂಲ ಮನೆಗಳ ಅಕ್ವೇರಿಯಂ ಎಂದೇ ತಿಳಿದವರು ಹೇಳುತ್ತಾರೆ.

ಎರಡನೆಯದಾಗಿ, ಬೆಳೆದಾಗ ಎಷ್ಟು ದೊಡ್ಡದಾಗುತ್ತದೆ. ಅಂಗಡಿಯಲ್ಲಿ ಕಾಣುವುದು ಮರಿ. ಡಾಮಿನೋ ಡ್ಯಾಮ್ಸೆಲ್ ಎಂದು ಕಪ್ಪು ಮೈಗೆ ಮೂರು ಬಿಳಿ ಬೊಟ್ಟಿನ ಮುದ್ದು ಮರಿ ಮಾರುತ್ತಾರೆ. ಜಯನಗರದ ಒಂದು ಮನೆಯಲ್ಲಿ ಅದು ಒಂದೂವರೆ ವರ್ಷದಲ್ಲಿ ಅಂಗೈಯಷ್ಟಾಯಿತು, ಬೊಟ್ಟುಗಳೂ ಮಾಸಿದವು. ತೊಟ್ಟಿ ತೊಳೆಯಲು ಹೋದವರ ಬೆರಳು ಕಚ್ಚುತ್ತಿತ್ತು. ಅಷ್ಟರಲ್ಲಿ ನಾಲ್ಕು ಮೀನು ಹೋಗಿದ್ದವು.

ಮೂರನೆಯದು, ತೊಟ್ಟಿಯ ಯಾವ ಭಾಗ ಅದಕ್ಕೆ ಬೇಕು. ಮರಳಿನ ಮೇಲೆ ಇರುವುದು, ಬಂಡೆಯ ಸಂದಿನಲ್ಲಿ ಇರುವುದು, ನಡುನೀರಿನಲ್ಲಿ ತೇಲುವುದು, ಹೀಗೆ ಬೇರೆ ಬೇರೆ ಜಾಗದವುಗಳನ್ನು ಆರಿಸಿದರೆ ಎದುರಾಗುವ ಪ್ರಸಂಗವೇ ಕಡಿಮೆ. ಒಂದೇ ಆಕಾರ, ಒಂದೇ ಬಣ್ಣ, ಒಂದೇ ಊಟದ ಎರಡು ಮೀನು ಹಾಕಿದರೆ ಜಗಳ ಖಾತ್ರಿ. ಕೊನೆಯದಾಗಿ, ಅದು ಏನು ತಿನ್ನುತ್ತದೆ. ಇದು ಜಗಳಕ್ಕಿಂತ ಹೆಚ್ಚು ಮೀನುಗಳನ್ನು ಕೊಲ್ಲುತ್ತದೆ. ಮ್ಯಾಂಡರಿನ್ ಮೀನು ಎಷ್ಟು ಚೆಂದ, ಎಷ್ಟು ಸಾಧು! ಆದರೆ ಅದು ದಿನವಿಡೀ ಕಲ್ಲಿನ ಮೇಲಿನ ಸಣ್ಣ ಜೀವಂತ ಹುಳುಗಳನ್ನೇ ಹೆಕ್ಕಿ ತಿನ್ನಬೇಕು. ಹೊಸ ತೊಟ್ಟಿಯಲ್ಲಿ ಎರಡು ತಿಂಗಳಲ್ಲಿ ಹೊಟ್ಟೆ ಬೆನ್ನಿಗಂಟಿ ಸಾಯುತ್ತದೆ. ಕ್ಲೀನರ್ ರಾಸ್ ಕೂಡ ಹಾಗೇ. ಕಾಯಿಲೆ ಗುಣಮಾಡುತ್ತದೆ ಎಂದು ಮಾರುತ್ತಾರೆ. ಸಮುದ್ರದಲ್ಲಿ ನೂರಾರು ಮೀನುಗಳ ಮೈ ಹೆಕ್ಕಿ ಬದುಕುವ ಅದಕ್ಕೆ ನಿಮ್ಮ ಐದು ಮೀನಿನ ಮೈ ಸಾಲದು. ಚಿಟ್ಟೆಮೀನುಗಳಲ್ಲಿ ಬಹಳಷ್ಟು ಹವಳವನ್ನೇ ತಿನ್ನುವವು. ಅವನ್ನು ನೇತ್ರಾಣಿಯಲ್ಲಿ ನೋಡಿ ಖುಷಿಪಡೋಣ.

ಸೀಹಾರ್ಸ್ ವಿಷಯ ಬೇರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲೇ ಸೀಹಾರ್ಸ್ ಸೇರಿತು. ಅದಕ್ಕೆ ಕಾನೂನಿನ ರಕ್ಷಣೆ ಇದೆ. ಹವಳ, ಸಮುದ್ರ ಸೌತೆಗೂ ಹಾಗೆಯೇ. ಯಾರಾದರೂ ಗುಟ್ಟಾಗಿ ಕೊಡುತ್ತೇವೆ ಎಂದರೆ ಕೈಮುಗಿದು ಬಂದುಬಿಡಿ. ಕಲ್ಲು ಬೇಕಾದರೆ ಹವಳದ ಕಲ್ಲಿನ ಬದಲು ಉಪ್ಪುನೀರಿಗೆಂದೇ ಮಾಡಿದ ತೂತುತೂತಿನ ಸೆರಾಮಿಕ್ ಕಲ್ಲು ತನ್ನಿ.

ಹಾಗಾದರೆ ನಿಮ್ಮ 3 ಅಡಿಗೆ ಯಾರು ಒಗ್ಗುತ್ತಾರೆ? ಎರಡು ಕ್ಲೌನ್‌ಫಿಶ್ ಈಗಾಗಲೇ ಇವೆ, ಅವೇ ಮನೆಯ ಮೂಲ ಸದಸ್ಯರಾಗಿರಲಿ. ಅವುಗಳ ಸಂಸಾರ ನೋಡುವುದೇ ಒಂದು ಸೊಗಸು. ಕ್ಲೌನ್‌ಫಿಶ್ ಎಲ್ಲವೂ ಗಂಡಾಗಿ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತದೆ, ಯಜಮಾನಿಕೆ ಅದರದ್ದೇ. ಹೆಣ್ಣು ಸತ್ತರೆ ಉಳಿದ ಗಂಡು ಹೆಣ್ಣಾಗಿ ಬದಲಾಗುತ್ತದೆ. ಚಿಕ್ಕದು ಮೈ ನಡುಗಿಸಿ ತೋರಿಸಿದರೆ ಅದು ಕಾಯಿಲೆಯಲ್ಲ, "ನೀನೇ ದೊಡ್ಡವಳು" ಎಂದು ಒಪ್ಪಿಕೊಳ್ಳುವ ರೀತಿ. ಮೂರನೇ ಕ್ಲೌನ್ ತರಬೇಡಿ, ಜೋಡಿ ಸೇರಿ ಅದನ್ನು ಕೊಲ್ಲುತ್ತವೆ. ಅನಿಮೋನ್ ಎಂಬ ಹೂವಿನಂಥ ಸಮುದ್ರಜೀವಿ ಇಲ್ಲದಿದ್ದರೆ ಕ್ಲೌನ್ ಬದುಕುವುದಿಲ್ಲ ಎಂಬುದೂ ಸುಳ್ಳು. ತೊಟ್ಟಿಯಲ್ಲಿ ಅದರ ಅಗತ್ಯ ಇಲ್ಲ.

ಅವುಗಳ ಜೊತೆ ನಡುನೀರಿಗೆ ಒಂದು ಫೈರ್‌ಫಿಶ್. ಬಿಳಿ ಮೈ, ಬೆಂಕಿ ಬಣ್ಣದ ಬಾಲ, ಬಹಳ ಪುಕ್ಕಲು. ಹೆದರಿದರೆ ಹಾರುತ್ತದೆ. ನನ್ನ ಮನೆಯ ತೊಟ್ಟಿಯ ಮುಚ್ಚಳದಲ್ಲಿ ವೈರ್ ಹೋಗಲು ಎರಡು ಬೆರಳಿನ ಸಂದು ಬಿಟ್ಟಿದ್ದೆ. ಬೆಳಿಗ್ಗೆ ಎದ್ದಾಗ ಅದು ಸ್ಟ್ಯಾಂಡಿನ ಹಿಂದೆ ಒಣಗಿ ಬಿದ್ದಿತ್ತು. ಆ ಸಂದು ಈಗಲೂ ನೆನಪಾಗುತ್ತದೆ. ನೀವು ಸಣ್ಣ ಕಣ್ಣಿನ ನೈಲಾನ್ ಜಾಲರಿಯನ್ನು ಒಂದು ಸಂದೂ ಬಿಡದೆ ಹೊದಿಸಿ. ಮರಳಿಗೆ ಒಂದು ವಾಚ್‌ಮನ್ ಗೋಬಿ. ಜೊತೆಗೆ ಪಿಸ್ತೂಲ್ ಸಿಗಡಿ ಸಿಕ್ಕರೆ ಮಗಳಿಗೆ ಲಯನ್‌ಫಿಶ್ ಮರೆತೇಹೋಗುತ್ತದೆ. ಸಿಗಡಿಗೆ ಕಣ್ಣು ಮಂದ, ಅದು ಬಿಲ ತೋಡುತ್ತದೆ. ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಸಿಗಡಿಯ ಮೀಸೆ ಸದಾ ಗೋಬಿಯ ಮೈ ಮುಟ್ಟಿಕೊಂಡಿರುತ್ತದೆ. ಅಪಾಯ ಬಂದರೆ ಗೋಬಿ ಬಾಲ ಅಲ್ಲಾಡಿಸುತ್ತದೆ, ಇಬ್ಬರೂ ಒಳಗೆ. ಇದನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ.

ಇನ್ನೊಂದು ಬಂಗಾಯ್ ಕಾರ್ಡಿನಲ್. ಶಾಂತ ಮೀನು, ಗಂಡು ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಒಂದೇ ಸಾಕು, ಎರಡು ಗಂಡು ಸೇರಿದರೆ ಹೊಡೆದಾಡುತ್ತವೆ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಈ ಮೀನು ಹಿಡಿದು ಹಿಡಿದೇ ಅಳಿವಿನ ಅಂಚಿಗೆ ಬಂದಿದೆ. ಹಾಗಾಗಿ ತೊಟ್ಟಿಯಲ್ಲೇ ಹುಟ್ಟಿದ ಮರಿ ಎಂದು ಖಾತ್ರಿಯಾದರೆ ಮಾತ್ರ ತನ್ನಿ. ಕ್ಲೌನ್‌ಫಿಶ್‌ಗೂ ಇದೇ ಮಾತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದಲ್ಲೇ ಕ್ಲೌನ್‌ಫಿಶ್ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಸಾಕಿದ ಮರಿ ಕಾಳು ತಿಂಡಿ ತಿನ್ನಲು ಕಲಿತಿರುತ್ತದೆ. ಸಮುದ್ರದಿಂದ ಹಿಡಿದು ತರುವ ಕೆಲವು ದೇಶಗಳಲ್ಲಿ ಬಂಡೆಯ ಸಂದಿಗೆ ಸಯನೈಡ್ ಚಿಮ್ಮಿಸಿ ಮೀನಿಗೆ ಮತ್ತು ಬರಿಸುವ ಕೆಟ್ಟ ರೂಢಿ ಇದೆ. ಅಂಥ ಮೀನು ಅಂಗಡಿಯಲ್ಲಿ ಚೆನ್ನಾಗಿಯೇ ಕಂಡು, ಮನೆಗೆ ಬಂದು ಕೆಲವು ವಾರದಲ್ಲಿ ಸಾಯಬಹುದು.

ಕ್ರಮ ಮುಖ್ಯ. ಅತಿ ಪುಕ್ಕಲು ಮೊದಲು, ಅತಿ ಜೋರು ಕೊನೆಗೆ. 11 ವಾರ ಮುಗಿದ ಮೇಲೆ ಮೊದಲು ಫೈರ್‌ಫಿಶ್, ಗೋಬಿ ಒಳಗೆ ಹೋಗಲಿ. ಎರಡು ಮೂರು ವಾರ ಬಿಟ್ಟು ಕಾರ್ಡಿನಲ್. ಕ್ಲೌನ್ ಜೋಡಿ ಕೊನೆಗೆ. ಅವು ಹಳಬರು, ಮೊದಲೇ ಬಿಟ್ಟರೆ ಯಜಮಾನಿಕೆ ಶುರುಮಾಡುತ್ತವೆ. ಬಿಡುವ ಮುಂಚೆ ಕಲ್ಲುಗಳ ಜೋಡಣೆ ಬದಲಿಸಿ. ಒಂದೇ ಗುಡ್ಡೆ ಬೇಡ, ಎರಡು ಗುಡ್ಡೆ ಮಾಡಿ. ಒಂದರ ಹಿಂದೆ ಹೋದ ಮೀನು ಇನ್ನೊಂದಕ್ಕೆ ಕಾಣಬಾರದು. ಆಗ ಸೋತವನಿಗೆ "ಆಚೆ" ಎನ್ನುವುದು ಸಿಗುತ್ತದೆ.

ಪ್ರತಿ ಹೊಸ ಮೀನನ್ನೂ, ಕ್ಲೌನ್‌ಗಳು ಇಲ್ಲದ ಅಂಥದೇ ಇನ್ನೊಂದು ಸಾದಾ ತೊಟ್ಟಿಯಲ್ಲಿ 30 ದಿನ ಬೇರೆ ಇಟ್ಟು ನೋಡಿ. ಕೊಳ್ಳುವಾಗ "ಸ್ವಲ್ಪ ತಿಂಡಿ ಹಾಕಿ ತೋರಿಸಿ" ಎಂದು ಕೇಳಿ. ತಿನ್ನದ ಮೀನನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ. ಮನೆಗೆ ತಂದು ಕವರನ್ನು ನೇರ ಸುರಿಯಬೇಡಿ. ಸಮುದ್ರದ ಮೀನಿನ ರಕ್ತದಲ್ಲಿ ಉಪ್ಪು ಸಮುದ್ರದ ಮೂರನೇ ಒಂದು ಭಾಗದಷ್ಟೇ. ಮೈಯಿಂದ ನೀರು ಸದಾ ಹೊರಹೋಗುತ್ತಿರುತ್ತದೆ. ಅದಕ್ಕೆ ಅದು ಉಪ್ಪುನೀರು ಕುಡಿದು, ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತಲೇ ಇರಬೇಕು. ಉಪ್ಪಿನ ಮಟ್ಟ ತಟ್ಟನೆ ಬದಲಾದರೆ ಆ ಲೆಕ್ಕ ತಪ್ಪುತ್ತದೆ. ಅಂಗಡಿಯ ನೀರಿನ ಉಪ್ಪನ್ನೂ ನಿಮ್ಮದನ್ನೂ ರಿಫ್ರಾಕ್ಟೋಮೀಟರಿನಲ್ಲಿ ಅಳೆಯಿರಿ, ಬೇರೆ ಇಡುವ ತೊಟ್ಟಿಯ ನೀರನ್ನು ಮೊದಲು ಅಂಗಡಿಯ ಮಟ್ಟಕ್ಕೆ ಹೊಂದಿಸಿ, ಆಮೇಲೆ ದಿನದಿನ ನಿಧಾನಕ್ಕೆ 1.025 ಸಾಪೇಕ್ಷ ಸಾಂದ್ರತೆಗೆ ತನ್ನಿ.

ನೀರಿನ ಬಗ್ಗೆ ಚುಟುಕಾಗಿ. ನಿಮ್ಮ ಕಡೆ ಕೊಳವೆಬಾವಿ ಅಥವಾ ಟ್ಯಾಂಕರ್ ನೀರಾದರೆ ಆರ್‌ಓ ನೀರೇ ಬಳಸಿ. ಅಡುಗೆ ಉಪ್ಪು ಆಗದು, ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಅದರಲ್ಲಿ ಇರುವುದಿಲ್ಲ. ಮಂಗಳೂರಿಗೆ ಹೋದಾಗ ಕ್ಯಾನಿನಲ್ಲಿ ನೀರು ತರುವ ಯೋಚನೆಯೂ ಬೇಡ. ದಡದ ನೀರಿಗೆ ನದಿ, ಚರಂಡಿ ಸೇರಿರುತ್ತದೆ, ಮಳೆಗಾಲದಲ್ಲಿ ಉಪ್ಪೂ ಇಳಿಯುತ್ತದೆ. ಆವಿಯಾಗಿ ಕಡಿಮೆಯಾದ ನೀರಿಗೆ ಬರೀ ಆರ್‌ಓ ನೀರು ತುಂಬಿ, ಉಪ್ಪುನೀರಲ್ಲ, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ. ಬೆಂಗಳೂರಿನ ಡಿಸೆಂಬರ್ ರಾತ್ರಿಗೆ ಹೀಟರ್ ಬೇಕೇ ಬೇಕು, 25ರಿಂದ 27 ಡಿಗ್ರಿ ನಿಲ್ಲಲಿ. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಇವತ್ತು ಸಂಜೆ ಮಾಡಬೇಕಾದ್ದು ಇಷ್ಟು. ಅಮೋನಿಯಾ ಅಳೆಯಿರಿ. ಬಾಟಲಿ ಕೂಳಿ ಇಟ್ಟು ಡ್ಯಾಮ್ಸೆಲ್ ಹಿಡಿದು, ತೂತಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದೇ ತೊಟ್ಟಿಯಲ್ಲಿ ತೇಲಿಬಿಡಿ, ಕ್ಲೌನ್‌ಗಳು ಒಂದು ರಾತ್ರಿಯಾದರೂ ನೆಮ್ಮದಿಯಾಗಿ ಮಲಗಲಿ. ಟ್ಯಾಂಗ್‌ಗೆ ಉಪ್ಪು ಖಾರ ಹಚ್ಚದ ನೋರಿ, ಅಂದರೆ ಒಣಗಿಸಿದ ಕಡಲಪಾಚಿಯ ಹಾಳೆಯ ಚೂರನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕೊಡಿ. ಅದು ಬಂದು ಕಿತ್ತು ತಿಂದರೆ ಚಿಕಿತ್ಸೆಗೆ ಇನ್ನೂ ಒಳ್ಳೆಯ ಅವಕಾಶ ಇದೆ. ನಾಳೆ ಬೆಳಿಗ್ಗೆ ಎರಡನೇ ತೊಟ್ಟಿ ತನ್ನಿ.